ಕೆಳಗೆ ಅಂಗಡಿ, ಮೇಲೆ ಮನೆ

ಬಾಂಗ್ಸಾರ್, ಕೌಲಾಲಂಪುರ
೨೪ ಜನವರಿ ೨೦೨೧

ಪ್ರೀತಿಯ ಅಕ್ಕನಿಗೆ,

ಫೋನಿನಲ್ಲಿ ನಾನು ಕೂಗುತ್ತೇನೆ, ನೀನು ಸುಮ್ಮನಾಗುತ್ತೀಯ, ಆಮೇಲೆ ಇಬ್ಬರೂ ನೆಟ್‌ವರ್ಕ್ ಸರಿಯಿಲ್ಲ ಅಂದುಕೊಂಡು ಇಟ್ಟುಬಿಡುತ್ತೇವೆ. "ಜಾಗದ ವಿಷಯ ಆದ್ರೆ ಬರ್ದು ಕಳ್ಸು, ಓದಿ ಹೇಳ್ತೆ" ಎಂದೆಯಲ್ಲ, ಅದಕ್ಕೇ ಈ ಕಾಗದ. ಕನ್ನಡದಲ್ಲಿ ಇಷ್ಟುದ್ದ ಬರೆದು ಎಷ್ಟು ಕಾಲವಾಯಿತೋ. ಒತ್ತಕ್ಷರ ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಬೇಡ.

ರಾಜ್ಯದಿಂದ ರಾಜ್ಯಕ್ಕೆ ಓಡಾಡಬಾರದೆಂದು ಮತ್ತೆ ನಿರ್ಬಂಧ ಹಾಕಿದ್ದಾರೆ. ಇಲ್ಲದಿದ್ದರೆ ಮೆಲಾಕಾ ಎಷ್ಟು ದೂರ? ಒಂದು ಭಾನುವಾರ ಬಂದು ನಿನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದು ತೋರಿಸುತ್ತಿದ್ದೆ. ನೋಡಿದ್ದರೆ ನೀನು ಮರುಮಾತಾಡುತ್ತಿರಲಿಲ್ಲ.

ನಮ್ಮ ಎಲ್.ಆರ್.ಟಿ. ರೈಲು ನಿಲ್ದಾಣದಿಂದ ನಡೆದೇ ಹೋಗಬಹುದಾದ ಒಂದು ಹಳೆಯ ಅಂಗಡಿ ಸಾಲು. ಅದರಲ್ಲಿ ಮೂಲೆಯಿಂದ ಎರಡನೆಯದು. ಇಲ್ಲಿಯವರು ಶಾಪ್‌ಲಾಟ್ ಎನ್ನುವುದು ಇಂಥದ್ದಕ್ಕೇ: ಕೆಳಗೆ ಅಂಗಡಿ, ಮೇಲೆ ಎರಡು ಮಹಡಿ ಮನೆ, ನೆಲವೂ ಸೇರಿ ಎಲ್ಲ ಒಂದೇ ಪತ್ರದಲ್ಲಿ. ಅಂಕಲ್ ಚೋಂಗ್ ಎನ್ನುವವರು ಅಲ್ಲಿ ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟಿದ್ದರು. ಮದುವೆ, ಪದವಿ ಪ್ರದಾನ ಎಲ್ಲ ನಿಂತುಹೋದ ಮೇಲೆ ಕಟ್ಟು ಹಾಕಿಸುವವರು ಯಾರು? ಮಾರಿ ಪೆನಾಂಗಿನಲ್ಲಿರುವ ಮಗಳ ಮನೆಗೆ ಹೋಗುತ್ತಾರಂತೆ.

ಕೆಳಗೆ ಅನಿತಾಳ ಹಿಟ್ಟಿನ ಗಿರಣಿ. ಕಳೆದ ವರ್ಷ ಲಾಕ್‌ಡೌನಿನಲ್ಲಿ ಸುಮ್ಮನೆ ಶುರುಮಾಡಿದಳು, ನೆನಪಿದೆಯಲ್ಲ? ಈಗ ಪುತ್ರಜಯಾದವರೆಗೂ ಕನ್ನಡದವರು, ತಮಿಳರು ಅವಳ ಜೋಳದ ಹಿಟ್ಟು, ಖಾರದ ಪುಡಿ ತರಿಸಿಕೊಳ್ಳುತ್ತಾರೆ. ಆದರೆ ಅಪಾರ್ಟ್‌ಮೆಂಟಿನಲ್ಲಿ ಎಷ್ಟೆಂದು ನಡೆಸುವುದು? ಮೊನ್ನೆ ಬ್ಯಾಡಗಿ ಮೆಣಸಿನಕಾಯಿ ಹುರಿದಾಗ ಮಹಡಿಯವರೆಲ್ಲ ಕೆಮ್ಮಿದರು. ಈ ಕಾಲದಲ್ಲಿ ಒಂದು ಮಹಡಿ ಒಟ್ಟಿಗೆ ಕೆಮ್ಮಿದರೆ ಹೇಗಿರುತ್ತದೆ ಹೇಳು! ಮ್ಯಾನೇಜ್‌ಮೆಂಟಿನವರು ಎರಡೆರಡು ಮಾಸ್ಕ್ ಹಾಕಿಕೊಂಡು ನಮ್ಮ ಬಾಗಿಲಿಗೆ ಬಂದರು.

ಮೊದಲ ಮಹಡಿ ನಮಗೆ ಗಂಡ ಹೆಂಡತಿಗೆ, ಮಗಳು ಪ್ರಕೃತಿಗೆ. ಅದರ ಮೇಲಿನದು ನಿನಗೆ. ಜುಲೈಯಲ್ಲಿ ನೀನು ನಿವೃತ್ತಳಾಗುತ್ತೀಯ, ಮೆಡಿಕಲ್ ಕಾಲೇಜಿನ ಕ್ವಾರ್ಟರ್ಸ್ ಬಿಡಬೇಕು. ಇಬ್ಬರಿಗೂ ಇಲ್ಲೇ ಕಾಯಂ ನೆಲೆಸಲು ಪಿ.ಆರ್. ಇದೆ, ಊರಿಗೆ ಹೋಗಲೇಬೇಕೆಂದಿಲ್ಲ. ಇಬ್ಬರ ಹೆಸರಿನಲ್ಲೂ ಕೊಳ್ಳೋಣ. ನಿನ್ನ ಸಹಿ ಇದ್ದರೆ ಬ್ಯಾಂಕಿನ ಕೆಲಸ ಸಲೀಸು.

ಬೇಗ ಬರೆ.

ನಿನ್ನ ತಮ್ಮ,
ಗಂಗಾಧರ


ಮೆಲಾಕಾ
೯ ಫೆಬ್ರವರಿ ೨೦೨೧

ಚಿ. ಗಂಗಾಧರನಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಕಾಗದ ಬಂದು ಒಂದು ವಾರವಾಯಿತು. ಒತ್ತಕ್ಷರ ಎರಡೇ ಕಡೆ ತಪ್ಪಿದ್ದು, ಪರವಾಗಿಲ್ಲ.

ಇಲ್ಲಿ ಅನಾಟಮಿ ಪಾಠವೂ ಕಂಪ್ಯೂಟರಿನಲ್ಲೇ. ಕಾಲೇಜಿನಿಂದ ಎಲುಬುಗಳ ಪೆಟ್ಟಿಗೆಯನ್ನು ಮನೆಗೇ ತಂದಿಟ್ಟುಕೊಂಡಿದ್ದೇನೆ. ಊಟದ ಮೇಜಿನ ಮೇಲೆ ಒಂದು ಕಡೆ ತೊಡೆಯೆಲುಬು, ಇನ್ನೊಂದು ಕಡೆ ಉಪ್ಪಿನಕಾಯಿ ಭರಣಿ. ಹುಡುಗರು ಕ್ಯಾಮೆರಾ ಮುಚ್ಚಿಕೊಂಡಿರುತ್ತಾರೆ. ಯಾರು ಕೇಳುತ್ತಿದ್ದಾರೆ, ಯಾರು ಮಲಗಿದ್ದಾರೆ ಎಂದು ಗೊತ್ತಾಗುವುದಿಲ್ಲ. ಮೂವತ್ತು ವರ್ಷ ಮುಖ ನೋಡಿ ಪಾಠ ಮಾಡಿದವಳಿಗೆ ಇದು ಗೋಡೆಗೆ ಮಾತಾಡಿದ ಹಾಗೆ.

ಜಾಗದ ವಿಷಯ. ಲೀಸ್ ಜಮೀನೋ ಸ್ವಂತದ್ದೋ ನೀನು ಬರೆದಿಲ್ಲ. ಲೀಸಾದರೆ ಇನ್ನೆಷ್ಟು ವರ್ಷ ಉಳಿದಿದೆ? ಗಿರಣಿಯ ಮೇಲೆ ಮನೆ ಎಂದರೆ ಬೆಳಿಗ್ಗೆಯಿಂದ ಸಂಜೆಯವರೆಗೆ ನೆಲ ನಡುಗುವುದಿಲ್ಲವೇ? ಪ್ರಕೃತಿಗೆ ಇನ್ನು ಎರಡು ವರ್ಷದಲ್ಲಿ ದೊಡ್ಡ ಪರೀಕ್ಷೆ, ಅವಳು ಎಲ್ಲಿ ಕೂತು ಓದಬೇಕು?

ಪಕ್ಕದ ಕ್ವಾರ್ಟರ್ಸಿನ ರಮಾನಂದರಾಯರಿಗೆ ನಿನ್ನ ಕಾಗದದ ಸಂಗತಿ ಹೇಳಿದೆ. ಗೊತ್ತಲ್ಲ, ಫಿಸಿಯಾಲಜಿಯವರು, ಕಾರ್ಕಳದ ಕಡೆಯವರು. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ. ಮಾರುಕಟ್ಟೆಗೆ ಮನೆಗೊಬ್ಬರೇ ಹೋಗಬೇಕೆಂಬ ನಿಯಮ ಬಂದಾಗಿನಿಂದ ನನ್ನ ತರಕಾರಿಯನ್ನೂ ಅವರೇ ತರುತ್ತಾರೆ. "ಅಷ್ಟು ಮೇಲೆ ಹತ್ತಿಕೊಂಡು ನಿಮ್ಮನ್ನು ನೋಡ್ಲಿಕ್ಕೆ ಯಾರು ಬರ್ತಾರೆ ಮಾರಾಯ್ರೆ?" ಎಂದರು. ತಮಾಷೆಗೆ ಅಂದದ್ದು.

ಇನ್ನೊಂದು ಮಾತು. ನಿನ್ನ ಇಷ್ಟುದ್ದದ ಕಾಗದದಲ್ಲಿ ಅನಿತಾಳ ಗಿರಣಿ ಇದೆ, ಹಿಟ್ಟು ಇದೆ, ಖಾರದ ಪುಡಿ ಇದೆ. ಅನಿತಾ ಏನು ಹೇಳುತ್ತಾಳೆ ಎನ್ನುವುದು ಎಲ್ಲೂ ಇಲ್ಲ.

ಇಲ್ಲವೆಂದು ನಾನು ಹೇಳಿಲ್ಲ. ಸ್ವಲ್ಪ ಸಮಯ ಕೊಡು.

ಇತಿ,
ಸುಗಂಧಿ


ಬಾಂಗ್ಸಾರ್
೧೪ ಮಾರ್ಚ್ ೨೦೨೧

ಪ್ರೀತಿಯ ಅಕ್ಕ,

ಲೀಸ್ ಜಮೀನು. ಇನ್ನೂ ಅರುವತ್ತು ವರ್ಷಕ್ಕಿಂತ ಹೆಚ್ಚಿದೆ, ನಮ್ಮಿಬ್ಬರ ಕಾಲಕ್ಕೂ ಸಾಕು. ಗಿರಣಿಯ ಯಂತ್ರದ ಕೆಳಗೆ ರಬ್ಬರ್ ಹಾಸಿದರೆ ಸದ್ದು ಮೇಲೆ ಬರುವುದಿಲ್ಲ, ವಿಚಾರಿಸಿದ್ದೇನೆ. ಅಂಗಡಿಯ ಜೊತೆ ಮೇಲೆ ವಾಸ ಮಾಡಲು ಪತ್ರದಲ್ಲೇ ಅವಕಾಶ ಇದೆ. ನಾವು ಪಿ.ಆರ್. ಇರುವವರಾದ್ದರಿಂದ ಸರ್ಕಾರದ ಒಪ್ಪಿಗೆ ಬೇಕು, ಅದನ್ನು ವಕೀಲರೇ ಮಾಡಿಸುತ್ತಾರೆ. ಅನಿತಾ ಏನೂ ಹೇಳುವುದಿಲ್ಲ. ಅವಳಿಗೆ ಗಿರಣಿ ಸಿಕ್ಕರೆ ಸಾಕು.

ಅಕ್ಕ, ನಾನು ಬುಕಿಂಗ್ ಹಣ ಕೊಟ್ಟುಬಿಟ್ಟೆ. ಬೈಯಬೇಡ. ಇನ್ನೊಬ್ಬ ಬಂದು ನೋಡಿಕೊಂಡು ಹೋದನಂತೆ, ಕೆಳಗೆ ಬಬಲ್ ಟೀ ಅಂಗಡಿ ಮಾಡುವವನು. ಅಂಕಲ್ ಚೋಂಗ್, "ಯೂ ವಾಂಟ್, ಯೂ ಫಾಸ್ಟ್ ಲಾ. ಐ ಓಲ್ಡ್ ಮ್ಯಾನ್, ಕೆನಾಟ್ ವೇಟ್" ಎಂದರು. ಅದೇ ದಿನ ಕೊಟ್ಟೆ.

ನಿನ್ನ ಮನಸ್ಸಿನಲ್ಲಿ ಏನಿದೆ ಎಂದು ನನಗೆ ತಿಳಿಯುತ್ತಿಲ್ಲ. ಪರರಿಗೆ ಭಾರವಾಗುತ್ತೇನೆ ಎಂದುಕೊಂಡಿದ್ದೀಯೋ? ನಾವು ಪರರೇ? ಅಪ್ಪ ತೀರಿಕೊಂಡ ವರ್ಷ ನಿನಗೆ ಬಂದ ಸಂಬಂಧವನ್ನು ಬೇಡವೆಂದು ಹೇಳಿ ನನ್ನನ್ನು ಓದಿಸಿದೆ. ಅಂಕೋಲೆಗೆ ಫೋನ್ ಮಾಡಿದಾಗಲೆಲ್ಲ ತಿಮ್ಮಪ್ಪ ಚಿಕ್ಕಪ್ಪ ಕೇಳುವುದು ಇದೊಂದೇ: "ಸುಗಂಧಿ ರಿಟೈರ್ ಆದ್ಮೇಲೆ ಎಲ್ಲಿ ಇರ್ತದ್ಯೋ? ಯಾರು ನೋಡ್ಕಂತಾರೋ?" ನಾನು ಎಂಥ ಉತ್ತರ ಕೊಡಲಿ? ನಮ್ಮನ್ನು ಬಿಟ್ಟರೆ ನಿನಗೆ ಯಾರಿದ್ದಾರೆ?

ಬ್ಯಾಂಕಿನ ಕಾಗದಗಳನ್ನು ಇದರ ಜೊತೆ ಇಟ್ಟಿದ್ದೇನೆ. ಪೆನ್ಸಿಲಿನಲ್ಲಿ ಗುರುತು ಹಾಕಿದಲ್ಲೆಲ್ಲ ಸಹಿ ಮಾಡಬೇಕು. ಅಲ್ಲಿಯೇ ಯಾರಾದರೂ ವಕೀಲರ ಎದುರು ಮಾಡಿದರೆ ಆಯಿತು.

ಕಾಯುತ್ತಿರುತ್ತೇನೆ.

ಗಂಗಾಧರ


ಬಾಂಗ್ಸಾರ್
೨ ಮೇ ೨೦೨೧

ಅಕ್ಕಾರಿಗೆ ಅನಿತಾಳ ಸಾಷ್ಟಾಂಗ ನಮಸ್ಕಾರಗಳು.

ಈ ಕಾಗದವನ್ನು ಖಾರದ ಪುಡಿಯ ಪಾರ್ಸಲಿನೊಳಗೆ ಇಟ್ಟು ಕಳಿಸುತ್ತಿದ್ದೇನೆ. ನಾನು ಬರೆದದ್ದು ಅವರಿಗೆ ಗೊತ್ತಿಲ್ಲ. ಮದುವೆಯಾಗಿ ಹದಿನಾರು ವರ್ಷದಲ್ಲಿ ಅವರಿಗೆ ಹೇಳದೆ ಮಾಡಿದ ಕೆಲಸ ಇದೊಂದೇ ಎಂದು ಹೇಳಿದರೆ ನೀವು ನಂಬುವುದಿಲ್ಲ, ಬಿಡಿ. ಆದರೆ ಇಂಥದ್ದು ಇದೇ ಮೊದಲು.

ನೇರವಾಗಿ ಹೇಳುತ್ತೇನೆ. ಅವರ ಕೆಲಸ ಕಳೆದ ಆಗಸ್ಟಿನಲ್ಲೇ ಹೋಯಿತು. ಹನ್ನೊಂದು ವರ್ಷ ದುಡಿದ ಆಫೀಸಿನವರು ಒಂದು ವೀಡಿಯೊ ಕರೆಯಲ್ಲಿ ಹೇಳಿ ಮುಗಿಸಿದರು. ಆ ದಿನ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದರು, ಬಡ್ತಿಯ ಮಾತಿರಬಹುದು ಅಂತ. ಈಗ ಮೂರು ಮೂರು ತಿಂಗಳ ಗುತ್ತಿಗೆಯ ಕೆಲಸ. ಬ್ಯಾಂಕಿನವರು ಇವರೊಬ್ಬರ ಹೆಸರಿಗೆ ಸಾಲ ಕೊಡುವುದಿಲ್ಲ. ಅದಕ್ಕೇ ನಿಮ್ಮ ಸಹಿ ಬೇಕು. ನಿಮಗೆ ಇದನ್ನು ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. "ನನ್ನ ಓದ್ಸೂಕೆ ಅಕ್ಕ ಎಲ್ಲ ಬಿಟ್ಟದೆ. ಅವ್ಳ ಎದ್ರು ಕೆಲ್ಸ ಹೋಯ್ತು ಹೇಳಿ ಹೆಂಗೆ ಹೇಳೂದು?" ಎನ್ನುತ್ತಾರೆ.

ನಿಮ್ಮ ಮೇಲಿನ ಪ್ರೀತಿ ಸುಳ್ಳಲ್ಲ ಅಕ್ಕಾರ. ಅದೂ ನಿಜ, ಇದೂ ನಿಜ. ಎರಡೂ ಕಲಸಿಹೋಗಿ ಯಾವುದು ಯಾವುದೆಂದು ಅವರಿಗೇ ತಿಳಿಯುತ್ತಿಲ್ಲ. "ನಮ್ದೇ ಹೇಳಿ ಒಂದು ಕಟ್ಟಡ ಇದ್ರೆ ನಮ್ಮನ್ನ ಯಾರೂ ಹೊರಗೆ ಹಾಕೂಕೆ ಆಗುದಿಲ್ಲ" ಎಂದು ದಿನಕ್ಕೆ ನಾಲ್ಕು ಸಲ ಹೇಳುತ್ತಾರೆ. ಊಟಕ್ಕೆ ಕೂರುವುದನ್ನೇ ಬಿಟ್ಟಿದ್ದಾರೆ, ನಿಂತುಕೊಂಡೇ ಉಣ್ಣುತ್ತಾರೆ. ಪ್ರಕೃತಿ ಒಂದು ದಿನ, "ಅಪ್ಪಾ, ದಟ್ಸ್ ನಾಟ್ ಎ ಹೌಸ್ ಲಾ. ದಟ್ಸ್ ಎ ಶಾಪ್ ವಿತ್ ಬೆಡ್ಸ್" ಎಂದಳು. ಅವಳ ಜೊತೆ ಎರಡು ದಿನ ಮಾತು ಬಿಟ್ಟರು.

ನನಗೇನು ಬೇಕೆಂದು ಯಾರೂ ಕೇಳಲಿಲ್ಲ. ನೀವು ಕೇಳಿದ್ದಿರಿ ಎಂದು ನಿಮ್ಮ ಕಾಗದ ಮೇಜಿನ ಮೇಲಿದ್ದಾಗ ಓದಿ ತಿಳಿಯಿತು. ಹೇಳುತ್ತೇನೆ. ನನಗೆ ಗಿರಣಿ ಬೇಕು. ಕಟ್ಟಡ ಬೇಡ. ಒಂದು ದಿನ ನಾನೊಬ್ಬಳೇ ಹೋಗಿ ಆ ಚೋಂಗ್ ಅಂಕಲ್‌ಗೆ ಕೇಳಿದೆ: "ಅಂಕಲ್, ಓನ್ಲಿ ಡೌನ್‌ಸ್ಟೇರ್ಸ್, ರೆಂಟ್, ಕ್ಯಾನ್?" ಅವರು ಕನ್ನಡಕ ಮೇಲೆತ್ತಿ ನೋಡಿ, "ಕ್ಯಾನ್, ಕ್ಯಾನ್. ಬಟ್ ಯುವರ್ ಹಸ್ಬೆಂಡ್ ವಾಂಟ್ ಬೈ, ವಾಟ್" ಎಂದರು. ಮೂರು ವರ್ಷಕ್ಕೆ ಕೆಳಗಿನ ಅಂಗಡಿಯನ್ನಷ್ಟೇ ಲೀಸಿಗೆ ತೆಗೆದುಕೊಂಡರೆ ನಡೆಸಬಲ್ಲೆ. ನಡೆಯದಿದ್ದರೆ ಬಾಗಿಲು ಹಾಕಿ ಬರಬಹುದು. ಮೂರು ಮಹಡಿ ಕೊಂಡರೆ ಬಾಗಿಲು ಹಾಕಿ ಎಲ್ಲಿಗೆ ಬರುವುದು?

"ನೀವೊಮ್ಮೆ ಹೇಳಿ ನೋಡ್ರಿ, ನಾ ಹೇಳಿದ್ರ ಕೇಳಂಗಿಲ್ಲ" ಎಂದು ಧಾರವಾಡದಲ್ಲಿ ನಮ್ಮವ್ವ ಎಲ್ಲರ ಹತ್ತಿರವೂ ಅಪ್ಪನ ಬಗ್ಗೆ ಅನ್ನುತ್ತಿದ್ದಳು. ನಾನೂ ಈಗ ಅದನ್ನೇ ಅನ್ನುತ್ತಿದ್ದೇನೆ. ನಿಮಗೆ ಮನಸ್ಸಿದ್ದರೆ ಸಹಿ ಮಾಡಿ, ಮೇಲಿನ ಮಹಡಿಯನ್ನು ನಾನೇ ಸಾರಿಸಿ ಕೊಡುತ್ತೇನೆ. ಮನಸ್ಸಿಲ್ಲದಿದ್ದರೆ ಇಲ್ಲವೆಂದು ಬರೆಯಿರಿ. ಸುಮ್ಮನಿರಬೇಡಿ ಅಷ್ಟೇ. ನಿಮ್ಮ ಸುಮ್ಮನಿರುವಿಕೆಯನ್ನು ಅವರು ಹೂಂ ಎಂದು ಓದಿಕೊಳ್ಳುತ್ತಿದ್ದಾರೆ.

ಪುಡಿಗೆ ಈ ಸಲ ಉಪ್ಪು ಕಡಿಮೆ ಹಾಕಿದ್ದೇನೆ, ನಿಮ್ಮ ಬಿ.ಪಿ. ಸಲುವಾಗಿ.

ನಿಮ್ಮ,
ಅನಿತಾ


ಮೆಲಾಕಾ
೨೭ ಜೂನ್ ೨೦೨೧

ಚಿ. ಗಂಗಾಧರನಿಗೆ,

ಈ ಕಾಗದವನ್ನು ಕೂತುಕೊಂಡು ಓದು.

ನೀನು ಕಳಿಸಿದ ಬ್ಯಾಂಕಿನ ಕಾಗದಗಳಿಗೆ ನಾನು ಸಹಿ ಮಾಡುವುದಿಲ್ಲ. ಮೊದಲು ಅದನ್ನೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ನಾಲ್ಕು ಪುಟ ಸುತ್ತಿ ಬಳಸಿ ಕೊನೆಗೆ ನಿನಗೆ ಬೇಜಾರಾಗುತ್ತದೆಂದು ಸಹಿ ಹಾಕಿಬಿಡುತ್ತೇನೆ. ಮಾಡಬೇಕೆಂದೇ ಇದ್ದೆ. ಮೇ ತಿಂಗಳ ಕೊನೆಯ ಸೋಮವಾರ ವಕೀಲರ ಆಫೀಸಿಗೆ ಹೋಗುವುದೆಂದು ಮಾತಾಗಿತ್ತು. ರಮಾನಂದರಾಯರೇ ಕಾರಿನಲ್ಲಿ ಕರೆದುಕೊಂಡು ಹೋಗುವವರಿದ್ದರು.

ಅದರ ಹಿಂದಿನ ಶುಕ್ರವಾರ ಅವರಿಗೆ ಜ್ವರ ಬಂತು. ಭಾನುವಾರ ಆಂಬುಲೆನ್ಸ್ ಬಂದು ಕರೆದುಕೊಂಡು ಹೋಯಿತು. ನಾನು ಕಿಟಕಿಯಲ್ಲಿ ನಿಂತಿದ್ದೆ, ಹೊರಗೆ ಬರಬಾರದೆಂದು ಹೇಳಿದ್ದರು. ಮೈತುಂಬ ಬಿಳಿ ಬಟ್ಟೆ ಹಾಕಿಕೊಂಡವರ ನಡುವೆ ಅವರು ಕೈಯಲ್ಲಿ ಒಂದು ಚೀಲ ಹಿಡಿದುಕೊಂಡು, ಪರ ಊರಿಗೆ ಪರೀಕ್ಷಕರಾಗಿ ಹೊರಟವರ ಹಾಗೆ ನಡೆದು ಹೋಗಿ ಹತ್ತಿದರು. ನನ್ನ ಕಿಟಕಿಯ ಕಡೆ ನೋಡಿ, "ಫ್ರಿಜ್ಜಿನಲ್ಲಿ ಬಸಳೆ ಉಂಟು, ಹಾಳು ಮಾಡ್ಬೇಡಿ" ಎಂದು ಕೂಗಿ ಹೇಳಿದರು.

ನಾನು ಆಸ್ಪತ್ರೆಗೆ ಫೋನ್ ಮಾಡಿದೆ. ಮಾತಾಡಿದ ನರ್ಸ್ ಚಿಕ್ಕ ಹುಡುಗಿಯಿರಬೇಕು, ತುಂಬ ದಣಿದ ದನಿ. "ಯೂ ಫ್ಯಾಮಿಲಿ ಆ?" ಎಂದು ಕೇಳಿದಳು. ಅಲ್ಲ, ಸಹೋದ್ಯೋಗಿ, ಪಕ್ಕದ ಮನೆಯವಳು ಎಂದೆ. "ಸಾರಿ ಡಾಕ್ಟರ್, ಫ್ರೆಂಡ್ ಕೆನಾಟ್. ಫ್ಯಾಮಿಲಿ ಓನ್ಲಿ" ಎಂದಳು. ಅವಳ ತಪ್ಪೇನಿಲ್ಲ, ನಿಯಮ ಇರುವುದೇ ಹಾಗೆ. ನಾನು ಫೋನ್ ಇಟ್ಟೆ. ಇಟ್ಟು ಅಡುಗೆಮನೆಗೆ ಹೋದೆ. ಅವರು ನನಗೆ ತಂದಿಟ್ಟಿದ್ದ ಬಸಳೆಯನ್ನು ತೆಗೆದು ಸೋಸಲು ಕೂತೆ. ಅರ್ಧಕ್ಕೆ ಕೈ ನಿಂತುಹೋಯಿತು.

ಗಂಗಾಧರ, ಏಳು ವರ್ಷ ನಾವು ಸಂಜೆ ಒಟ್ಟಿಗೆ ನಡೆದಿದ್ದೇವೆ. ನದಿಯ ಪಕ್ಕದ ದಾರಿಯಲ್ಲಿ ಸೇತುವೆಯವರೆಗೆ ಹೋಗಿ ವಾಪಸು. ಅದಕ್ಕೆ ಹೆಸರಿಡಬೇಕೆಂದು ಇಬ್ಬರಿಗೂ ಅನ್ನಿಸಿರಲಿಲ್ಲ. ಅನ್ನಿಸಿದ್ದರೂ ಹೇಳಿರಲಿಲ್ಲ. ಮಾರ್ಚಿನಲ್ಲಿ ನಿನ್ನ ಕಾಗದ ಬಂದಾಗ, ನಮ್ಮನ್ನು ಬಿಟ್ಟರೆ ನಿನಗೆ ಯಾರಿದ್ದಾರೆ ಎಂಬ ಸಾಲು ಓದಿ ನಾನು ಅದನ್ನು ಮಡಚಿಟ್ಟು ಹೊರಗೆ ಬಂದರೆ ಅವರು ಗೇಟಿನ ಹತ್ತಿರ ಚಪ್ಪಲಿ ಹಾಕಿಕೊಂಡು ಕಾಯುತ್ತಿದ್ದರು.

ಮತ್ತೆ ಫೋನ್ ಮಾಡಿದೆ. ಅದೇ ಹುಡುಗಿ. "ಯೂ ಫ್ಯಾಮಿಲಿ ಆ?" ಎಂದಳು. "ವೈಫ್" ಎಂದೆ.

ಅಷ್ಟೇ. ಎಲ್ಲ ಹೇಳಿದಳು. ಆಕ್ಸಿಜನ್ ಎಷ್ಟು ಇಟ್ಟಿದ್ದಾರೆ, ಗಂಜಿ ಕುಡಿದರೋ ಇಲ್ಲವೋ, ಎಲ್ಲ. ಆಮೇಲೆ ದಿನಾ ಬೆಳಿಗ್ಗೆ ಅವಳೇ ಫೋನ್ ಮಾಡಿ, ಡಾಕ್ಟರ್ ಎನ್ನುವುದನ್ನು ಬಿಟ್ಟು ಶ್ರೀಮತಿಯವರನ್ನು ಕರೆಯುವ ಹಾಗೆ, "ಪುವಾನ್, ಯುವರ್ ಹಸ್ಬೆಂಡ್ ಟುಡೇ ಓಕೆ" ಎನ್ನುತ್ತಿದ್ದಳು. ಒಂದು ದಿನ ಓಕೆ ಎನ್ನಲಿಲ್ಲ, ಐ.ಸಿ.ಯು. ಎಂದಳು. ಆ ವಾರವನ್ನು ನಾನು ನಿನಗೆ ಬರೆದು ತಿಳಿಸಲಾರೆ.

ಅವರ ಮಗ ಮಹಿತ್ ಪರ್ತ್‌ನಲ್ಲಿದ್ದಾನೆ. ಗಡಿ ಮುಚ್ಚಿರುವುದರಿಂದ ಬರುವ ಹಾಗಿಲ್ಲ. ಅವನು ಆಸ್ಪತ್ರೆಗೆ ಫೋನ್ ಮಾಡಿದರೆ, ನಿಮ್ಮ ತಾಯಿಗೆ ಆಗಲೇ ಎಲ್ಲ ಹೇಳಿದ್ದೇವೆ ಎಂದರಂತೆ. ತಾಯಿ ಹೋಗಿ ಎಂಟು ವರ್ಷವಾದ ಹುಡುಗನಿಗೆ ಹೇಗಾಗಿರಬೇಡ! ನನಗೆ ಫೋನ್ ಮಾಡಿದ. ನಾನು ನಾಚಿಕೆಯಿಂದ ಕುಗ್ಗಿಹೋದೆ. ತಪ್ಪಾಯಿತಪ್ಪ, ಬೇರೆ ದಾರಿ ಕಾಣಲಿಲ್ಲ ಎಂದೆ. ಅವನು ಅಪ್ಪ ಹೇಗಿದ್ದಾರೆಂದು ಕೇಳಿದ, ಹೇಳಿದೆ. ಆಮೇಲೆ, "ಆಂಟಿ, ಹಾಗೇ ಹೇಳ್ತಾ ಇರಿ. ಪ್ಲೀಸ್" ಎಂದ. ಅಳುತ್ತಿದ್ದ.

ಮೊನ್ನೆ ಗುರುವಾರ ಅವರನ್ನು ಮನೆಗೆ ಕಳಿಸಿದರು. ಅರ್ಧ ಆಗಿದ್ದಾರೆ. ನಾನು ನಡೆದದ್ದನ್ನೆಲ್ಲ ಹೇಳಿದೆ. ಬಯ್ಯಬಹುದೆಂದು ಹೆದರಿದ್ದೆ. ನಕ್ಕರು, ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ, "ಸರ್ಕಾರದವರ ಹತ್ರ ಸುಳ್ಳು ಹೇಳಿದ್ದು ತಪ್ಪಲ್ವಾ? ಅದನ್ನು ನಿಜ ಮಾಡಿಬಿಡುವ ಹೇಗೆ?" ಎಂದು ಕೇಳಿದರು. ನಾನು ಹೂಂ ಎಂದೆ.

ಐವತ್ತೊಂಬತ್ತು ವರ್ಷದ ಅಕ್ಕ ಹೀಗೆ ಬರೆಯುತ್ತಾಳೆಂದು ನೀನು ಎಣಿಸಿರಲಿಕ್ಕಿಲ್ಲ. ಅವರ ಜಾತಿ ಬೇರೆ, ನಾವು ಮೀನು ತಿನ್ನುವವರು. ಅಂಕೋಲೆಯಲ್ಲಿ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಈ ಕೆಟ್ಟ ಕಾಲದಲ್ಲಿ ಅವರಿಗೂ ಮಾತಾಡಲು ಒಂದು ಒಳ್ಳೆಯ ಸುದ್ದಿ ಸಿಗಲಿ.

ನಿನ್ನ ಕೆಲಸದ ವಿಷಯ ನನಗೆ ಗೊತ್ತು. ಹೇಗೆ ಎಂದು ಕೇಳಬೇಡ. ಕೆಲಸ ಹೋದದ್ದು ಹೇಳಿಕೊಳ್ಳಲಾರದಷ್ಟು ದೊಡ್ಡ ಅವಮಾನವಲ್ಲ ಮಗಾ. ನನಗೆ ಮಹಡಿ ಕಟ್ಟಿಕೊಡುವುದು ನಿನ್ನ ಸಾಲವೂ ಅಲ್ಲ. ಆಗ ನಿನ್ನನ್ನು ಓದಿಸಿದ್ದು ನನಗೆ ಬೇಕಾಗಿತ್ತು, ಓದಿಸಿದೆ. ಮುಗಿಯಿತು.

ಆ ಜಾಗ ಬಿಟ್ಟುಬಿಡು. ಅನಿತಾಳನ್ನು ಎದುರು ಕೂರಿಸಿಕೊಂಡು ಅವಳಿಗೆ ಏನು ಬೇಕೆಂದು ಕೇಳು. ಕೇಳಿದ ಮೇಲೆ ಅವಳ ಉತ್ತರ ಮುಗಿಯುವವರೆಗೂ ಕೇಳು.

ನಿನ್ನ ಅಕ್ಕ,
ಸುಗಂಧಿ


ಮೆಲಾಕಾ
೮ ಆಗಸ್ಟ್ ೨೦೨೧

ಚಿ. ಗಂಗಾಧರನಿಗೆ,

ನಿನ್ನ ಕಾಗದ ಬರಲಿಲ್ಲ. ಫೋನನ್ನೂ ಎತ್ತುತ್ತಿಲ್ಲ. ಅನಿತಾ ಎತ್ತಿ "ಆರಾಮದಾರ್ರಿ" ಎಂದು ಹೇಳಿ ಬೇರೆ ಮಾತು ತೆಗೆಯುತ್ತಾಳೆ.

ಕಳೆದ ವಾರ ನನ್ನ ಬೀಳ್ಕೊಡುಗೆ ಆಯಿತು, ಅದೂ ಕಂಪ್ಯೂಟರಿನಲ್ಲೇ. ಆ ದಿನ ಎಲ್ಲ ಹುಡುಗರೂ ಕ್ಯಾಮೆರಾ ತೆರೆದರು. ಒಂದೂವರೆ ವರ್ಷದಿಂದ ಹೆಸರು ಮಾತ್ರ ಗೊತ್ತಿದ್ದವರ ಮುಖವನ್ನೆಲ್ಲ ಒಟ್ಟಿಗೆ ನೋಡಿದೆ.

ರಾಯರು ಈಗ ಗೇಟಿನವರೆಗೆ ನಡೆಯುತ್ತಾರೆ. ಕ್ವಾರ್ಟರ್ಸ್ ಬಿಡಲು ಅಕ್ಟೋಬರ್ ಕೊನೆಯವರೆಗೆ ಸಮಯ ಕೊಟ್ಟಿದ್ದಾರೆ. ನದಿಯ ಹತ್ತಿರ ಒಂದು ಸಣ್ಣ ಮನೆ ನೋಡಿದ್ದೇವೆ, ಬಾಡಿಗೆಗೆ. ಒಂದೇ ಅಂತಸ್ತು.

ಕೋಪವಿದ್ದರೆ ಅದನ್ನಾದರೂ ಬರೆ.

ಸುಗಂಧಿ


ಬಾಂಗ್ಸಾರ್
೧೨ ಸೆಪ್ಟೆಂಬರ್ ೨೦೨೧

ಪ್ರೀತಿಯ ಅಕ್ಕ,

ಕೋಪವಿತ್ತು. ಬರೆಯಲು ಕೂತಾಗಲೆಲ್ಲ ಒಂದು ಸಾಲು ಬರೆದು, ಹರಿದು ಎದ್ದುಹೋದೆ. ಮೊದಲು ಮದುವೆಯ ಮಾತಿಗೆ ಸಿಟ್ಟು ಬಂದದ್ದು ಎಂದುಕೊಂಡೆ. ಜನ ಏನೆನ್ನುತ್ತಾರೆ, ತಿಮ್ಮಪ್ಪ ಚಿಕ್ಕಪ್ಪನಿಗೆ ಹೇಗೆ ಹೇಳುವುದು, ಇವೇ. ಆಮೇಲೆ ನೋಡಿದರೆ ಅದಲ್ಲ. ನೀನು ಆ ನರ್ಸಿನ ಫೋನಿಗೆ ಕಾಯುತ್ತ ಒಬ್ಬಳೇ ಕೂತಿದ್ದಾಗ ನಾನು ಇಲ್ಲಿ ಗೋಡೆಗೆ ಯಾವ ಬಣ್ಣ ಬಳಿಸಲಿ ಎಂದು ನೋಡುತ್ತಿದ್ದೆ. ಒಂದು ಫೋನ್ ಮಾಡಿ, ಗಂಗಾ, ನನಗೆ ಹೆದರಿಕೆ ಆಗ್ತದೆ ಎನ್ನಬಾರದಿತ್ತೇ? ಹಾಗೆ ಕೇಳಬೇಕೆಂದು ಹೊರಟವನು, ಕೆಲಸ ಹೋದ ದಿನ ನಾನು ನಿನಗೆ ಫೋನ್ ಮಾಡಿದ್ದೆನೇ ಎಂದು ನೆನಪಾಗಿ ಪೆನ್ನು ಕೆಳಗಿಟ್ಟೆ.

ಜುಲೈ ಕೊನೆಗೆ ಅಂಕಲ್ ಚೋಂಗ್ ಹತ್ತಿರ ಹೋದೆ. ಹೋಗುವಾಗ ದಾರಿಯುದ್ದಕ್ಕೂ ಏನು ಹೇಳಬೇಕೆಂದು ಕಟ್ಟಿಕೊಂಡಿದ್ದೆ. ಅಲ್ಲಿ ನಿಂತು "ಅಂಕಲ್, ಐ ಕೆನಾಟ್ ಬೈ" ಎಂದೆ, ಅಷ್ಟೇ ಹೊರಟಿತು. ಅವರು ಒಳಗೆ ಹೋಗಿ ಎರಡು ಲೋಟ ಚಹಾ ತಂದರು. "ಯುವರ್ ವೈಫ್ ಕಮ್ ಬಿಫೋರ್. ಶಿ ಆ, ಬೆಟರ್ ಬಿಸ್ನೆಸ್‌ಮನ್ ದ್ಯಾನ್ ಯೂ ಲಾ" ಎಂದರು. ಅನಿತಾ ಅವರ ಹತ್ತಿರ ಹೋಗಿದ್ದಳೆಂದು ನನಗೆ ಗೊತ್ತಾದದ್ದು ಆಗ. ಮೇಲಿನ ಎರಡು ಮಹಡಿಯನ್ನು ಮಾಸ್ಕ್ ಹೊಲಿಯುವ ಯಾರೋ ಬಾಡಿಗೆಗೆ ಕೇಳಿದ್ದಾರಂತೆ. ಈಗ ಮಾರುವುದಕ್ಕಿಂತ ಅದೇ ವಾಸಿ ಎಂದು ಅವರ ಮಗಳೂ ಹೇಳುತ್ತಿದ್ದಾಳಂತೆ. ಕೆಳಗಿನದನ್ನು ಮೂರು ವರ್ಷಕ್ಕೆ ನಮಗೆ ಕೊಟ್ಟರು, ನಾನು ಕೊಟ್ಟಿದ್ದ ಬುಕಿಂಗ್ ಹಣವನ್ನು ಅದಕ್ಕೇ ಹಿಡಿದುಕೊಂಡರು. ಲೀಸ್ ಪತ್ರ ಅನಿತಾಳ ಕಂಪನಿಯ ಹೆಸರಿನಲ್ಲಿ. ನಾನು ಸಾಕ್ಷಿ.

ಸಹಿಯಾಗಿ ಹೊರಗೆ ಬಂದಾಗ ಮಳೆ ಬರುತ್ತಿತ್ತು. ಅನಿತಾ ಅಂಗಡಿ ಸಾಲಿನ ಮಾಡಿನ ಕೆಳಗೆ ನಿಂತು, "ಈಗರ ಹೇಳ್ರಿ, ಹಗುರ ಆತಿಲ್ಲೊ?" ಎಂದಳು. ಆಗಿತ್ತು, ಅಕ್ಕ. ನನಗೇ ಆಶ್ಚರ್ಯ. ಇಷ್ಟು ತಿಂಗಳು ಬೇಕು ಬೇಕು ಎಂದು ಹಲ್ಲು ಕಚ್ಚಿ ಹಿಡಿದಿದ್ದು ಕೈಬಿಟ್ಟುಹೋದರೆ ಅಳು ಬರಬೇಕಲ್ಲ. ಹಸಿವೆಯಾಯಿತು. ಮೂಲೆಯ ಮಮಕ್ ಹೋಟೆಲಿನಿಂದ ರೊಟಿ ಚನಾಯ್ ಕಟ್ಟಿಸಿಕೊಂಡು ಬಂದು, ಮನೆಯಲ್ಲಿ ಮೂರು ಜನ ಮೇಜಿಗೆ ಕೂತು ತಿಂದೆವು.

ಗಿರಣಿ ಯಂತ್ರ ಬಂದಿದೆ. ಬೆಳಿಗ್ಗೆ ಗುತ್ತಿಗೆಯ ಕೆಲಸ, ಮಧ್ಯಾಹ್ನದ ಮೇಲೆ ಗಿರಣಿಯಲ್ಲಿ ನಾನೇ ಜೋಳ ಸುರಿಯುವವನು. ಸಂಜೆಗೆ ಹುಬ್ಬೆಲ್ಲ ಬೆಳ್ಳಗಾಗಿರುತ್ತದೆ. ಅನಿತಾ ನಿನಗೆ ಬರೆದಿದ್ದಳೆಂದು ತಾನೇ ಹೇಳಿದಳು. ನಾನು ಜೋಳದ ಇನ್ನೊಂದು ಚೀಲ ಬಿಚ್ಚಿದೆ.

ರಾಜ್ಯದ ಗಡಿ ತೆರೆದ ಕೂಡಲೇ ಬರುತ್ತೇವೆ. ರಮಾನಂದರಾಯರಿಗೆ ನಮಸ್ಕಾರ ತಿಳಿಸು. ಇದಕ್ಕಿಂತ ಬೇರೆ ಹೇಗೆ ಬರೆಯಬೇಕೆಂದು ನನಗೆ ಇನ್ನೂ ಗೊತ್ತಾಗುತ್ತಿಲ್ಲ.

ನಿನ್ನ,
ಗಂಗಾಧರ


ಮೆಲಾಕಾ
೨೫ ಅಕ್ಟೋಬರ್ ೨೦೨೧

ಚಿ. ಗಂಗಾಧರನಿಗೆ,

ನೀವು ಹೊರಟು ಒಂದು ದಿನವೂ ಆಗಿಲ್ಲ, ಫೋನ್ ಮಾಡಬಹುದಿತ್ತು. ಆದರೆ ಈ ವರ್ಷ ಬರೆದು ಬರೆದು ಅಭ್ಯಾಸವಾಗಿದೆ.

ಶುಕ್ರವಾರ ರಿಜಿಸ್ಟ್ರಾರ್ ಆಫೀಸಿನಲ್ಲಿ ನೀನು ಪಕ್ಕದಲ್ಲಿ ನಿಂತದ್ದು, ಮಾಸ್ಕ್ ಒಳಗೇ ಮೂಗು ಏರಿಸಿಕೊಂಡದ್ದು ನನಗೆ ಗೊತ್ತಾಯಿತು. ಮಹಿತ್ ಫೋನಿನ ಪರದೆಯಲ್ಲಿದ್ದುಕೊಂಡೇ ಜೋರಾಗಿ ಚಪ್ಪಾಳೆ ಹೊಡೆದದ್ದಕ್ಕೆ ಆ ಅಧಿಕಾರಿಯಮ್ಮ ಕೂಡ ನಕ್ಕರು. ಅನಿತಾ ತಂದ ಸೀರೆಯ ಬಣ್ಣ ನನಗೆ ಜಾಸ್ತಿ ಆಯಿತೆಂದು ಬಾಯಲ್ಲಿ ಹೇಳಿದೆ. ಮನಸ್ಸಿನಲ್ಲಿ ಹಾಗಿರಲಿಲ್ಲ.

ರಾಯರು ಜನ್ಮದಲ್ಲಿ ಮೀನು ಮುಟ್ಟಿದವರಲ್ಲ. ಶನಿವಾರ ನಿನಗೆಂದು ಅವರೇ ಹೋಗಿ ಪೇಟೆಯಿಂದ ಮೀನಿನ ಸಾರು ತಪಾವ್ ಕಟ್ಟಿಸಿಕೊಂಡು, ಚೀಲವನ್ನು ಮೈಯಿಂದ ದೂರ ಹಿಡಿದುಕೊಂಡು ತಂದದ್ದನ್ನು ನೀನು ನೋಡಲಿಲ್ಲ. ನೀನು ಸೋಫಾದಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದೆ. ಎಬ್ಬಿಸಲು ಹೋದ ಪ್ರಕೃತಿಯನ್ನು ಅವರು ಸನ್ನೆ ಮಾಡಿ ತಡೆದರು. ಸಾರು ಆರಿಹೋಯಿತು. ಎರಡು ಸಲ ಬಿಸಿ ಮಾಡಿಟ್ಟವರೂ ಅವರೇ.

ಮೂರು ದಿನವೂ ನೀನು ಅವರನ್ನು ಹೆಸರು ಹಿಡಿದು ಕರೆಯದೆ, ಸರ್ ಎನ್ನದೆ, ರಾಯರೇ ಎನ್ನದೆ, ಎದುರಿಗೆ ಬಂದು ನಿಂತು ಕೆಮ್ಮಿ ಮಾತು ಶುರುಮಾಡುತ್ತಿದ್ದುದನ್ನು ನಾನು ಗಮನಿಸಿದ್ದೆ. ಅವರೂ ಗಮನಿಸಿರಬೇಕು.

ನಿನ್ನೆ ಸಂಜೆ ನೀವು ಹೊರಡುವಾಗ ಎಲ್ಲರೂ ಗೇಟಿನ ಹತ್ತಿರ ನಿಂತಿದ್ದೆವಲ್ಲ. ನೀನು ಕಾರು ಹತ್ತಿ, ಗಾಜು ಇಳಿಸಿ, ತಲೆ ಹೊರಗೆ ಹಾಕಿ, "ಭಾವ, ನಾವು ಬರ್ತೇವೆ ಹಾಂಗಾರೆ" ಎಂದೆ.

ನೀನು ಆಗಲೇ ಗೇರ್ ಹಾಕಿದ್ದೆ, ನೋಡಲಿಲ್ಲ. ನೀನು ಯಾರನ್ನು ಕರೆದೆಯೆಂದು ರಾಯರು ಹಿಂದಕ್ಕೆ ತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ. ಆಮೇಲೆ, ನಿಮ್ಮ ಕಾರು ತಿರುವು ದಾಟಿ ಹೋದ ಮೇಲೂ ಎಷ್ಟೋ ಹೊತ್ತಿನವರೆಗೆ, ಎತ್ತಿದ ಕೈಯನ್ನು ಇಳಿಸದೆ ಅಲ್ಲೇ ನಿಂತಿದ್ದರು.

ನಿನ್ನ ಅಕ್ಕ,
ಸುಗಂಧಿ